ಬೋರ್ಡಣ್ಣನ ನರಹುಲಿ

ಈಜುಕೊಳದ ಮೇಲ್ವಿಚಾರಕನನ್ನು ಎಲ್ಲರೂ ಬೋರ್ಡಣ್ಣ ಎಂದು ಕರೆಯುತ್ತಿದ್ದುದಕ್ಕೆ ಕೊಳದ ಸುತ್ತ ನಿಂತಿದ್ದ ಬೋರ್ಡುಗಳೇ ಕಾರಣ. ಅವನ್ನೆಲ್ಲ ಅವನೇ ಬರೆದಿದ್ದ. ಅಕ್ಷರ ಮುತ್ತಿನಂಥವು, ಭಾಷೆ ಮಾತ್ರ ಸ್ವಲ್ಪ ಎತ್ತರದಲ್ಲಿ ಹಾರುತ್ತಿತ್ತು. 'ಧಾರಾಸ್ನಾನ ಮುಗಿಸದೆ ಕೊಳವನ್ನು ಪ್ರವೇಶಿಸತಕ್ಕದ್ದಲ್ಲ' ಎಂದು ಶವರಿನ ಪಕ್ಕ ಬರೆದಾಗ ಧಾರಾ ಯಾರು, ಅವಳ ಸ್ನಾನ ಮುಗಿಯುವವರೆಗೆ ನಾವೇಕೆ ಕಾಯಬೇಕು ಎಂದು ಜನ ಜಗಳ ತೆಗೆದಿದ್ದರು. 'ಮಕ್ಕಳು ಜಲಬಾಧೆಯನ್ನು ಹೊರಗೇ ತೀರಿಸಿಕೊಂಡು ಬರತಕ್ಕದ್ದು' ಎಂಬುದನ್ನು ಓದಿದ ತಾಯಿಯೊಬ್ಬಳು, ಇಲ್ಲಿ ನೀರಿನಿಂದ ಏನೋ ಬಾಧೆ ಇದೆ ಎಂದು ಮಗನ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋಗಿದ್ದಳು. ಬೋರ್ಡಣ್ಣ ಕದಲಲಿಲ್ಲ. ಆಡುವ ಮಾತು ಬೇರೆ, ಬೋರ್ಡಿಗೆ ಏರುವ ಮಾತು ಬೇರೆ ಎಂಬುದು ಅವನ ನಿಲುವು.

ಇಷ್ಟೆಲ್ಲ ನಿಷ್ಠೆಯಿದ್ದರೂ ಅವನ ಕೆಲಸ ವರ್ಷಗಟ್ಟಲೆಯಿಂದ ಹಂಗಾಮಿಯಾಗಿಯೇ ಉಳಿದಿತ್ತು. ಆ ಶನಿವಾರ ಪುರಸಭೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ಕಾಯಂ. ಒಪ್ಪದಿದ್ದರೆ ಅವರ ಷಡ್ಡಕನ ತಮ್ಮನೊಬ್ಬ ಆ ಕುರ್ಚಿಗೆ ತಯಾರಾಗಿ ಕೂತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಆದರೆ ಕುರ್ಚಿ ನೀರಿನಲ್ಲಿರಲಿಲ್ಲವಲ್ಲ.

ಇಂಥ ಸಮಯದಲ್ಲಿ ಬೋರ್ಡಣ್ಣನ ಬಲಗಾಲು ಕೈಕೊಟ್ಟಿತು.

ಅಂಗಾಲಿನಲ್ಲಿ ಬಟಾಣಿ ಕಾಳಿನಷ್ಟು ಗಂಟೊಂದು ಎದ್ದು ಬಹಳ ದಿನಗಳಾಗಿದ್ದವು. ಅವನು ಅದನ್ನು ಆಣಿ ಎಂದು ತೀರ್ಮಾನಿಸಿದ್ದ. ದಿನವಿಡೀ ನಿಂತು ದುಡಿಯುವವನಿಗೆ ಅಂಗಾಲಲ್ಲಿ ಆಣಿ ಬರುವುದರಲ್ಲಿ ಒಂದು ಗೌರವವಿದೆ. ಹಾಗಾಗಿ ಹಳೆಯ ಗಡ್ಡದ ಬ್ಲೇಡು ಹಿಡಿದು ಬಿಡುವಾದಾಗಲೆಲ್ಲ ಕೆರೆಯುತ್ತಿದ್ದ, ಕೆರೆದು ಕೊಳದ ಸುತ್ತ ಬರಿಗಾಲಲ್ಲೇ ಓಡಾಡುತ್ತಿದ್ದ. ಒಂದು ಮೂರಾದ ಮೇಲೆ ಹೊಲಿಗೆ ಅಂಗಡಿ ನಡೆಸುತ್ತಿದ್ದ ಹೆಂಡತಿ ಅವನನ್ನು ಚರ್ಮದ ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಡಾಕ್ಟರಮ್ಮ ಕಾಲೆತ್ತಿಸಿ ನೋಡಿ, "ಇದು ಆಣಿ ಅಲ್ಲ, ನರೂಲಿ" ಎಂದರು. "ಮಧ್ಯೆ ಕಪ್ಪು ಚುಕ್ಕೆ ಇದೆ ನೋಡಿ."

"ಅದರ ಬೇರಾ ಡಾಕ್ಟ್ರೇ?"

"ಬೇರೂ ಅಲ್ಲ ಬೀಜಾನೂ ಅಲ್ಲ. ಸಣ್ಣ ರಕ್ತನಾಳ, ಒಳಗೆ ರಕ್ತ ಹೆಪ್ಪುಗಟ್ಟಿದೆ ಅಷ್ಟೆ."

"ಪಂಪಿನ ಮನೇಲಿ ಕಪ್ಪೆ ಬಂದಿತ್ತು. ನಾನೇ ಕೈಯಲ್ಲಿ ಹಿಡಿದು ಆಚೆ ಬಿಟ್ಟೆ. ಅದರಿಂದ..."

"ಕಪ್ಪೆ ಪಾಪ, ಅದನ್ಯಾಕೆ ಎಳೀತೀರಿ? ಇದು ವೈರಸ್‌ನಿಂದ ಬರೋದು. ಚರ್ಮ ಎಲ್ಲಾದ್ರೂ ಚೂರು ಬಿರುಕು ಬಿಟ್ಟಿದ್ರೆ ಒಳಗೆ ಹೋಗುತ್ತೆ. ಒದ್ದೆ ನೆಲ, ಇನ್ನೊಬ್ರ ಟವೆಲ್, ಇವೆಲ್ಲ ಅದಕ್ಕೆ ದಾರಿ. ಒಳಗೆ ಹೋಗಿ ತಿಂಗಳುಗಟ್ಟಲೆ ಸುಮ್ಮನಿರುತ್ತೆ, ಆಮೇಲೆ ತಲೆ ಎತ್ತುತ್ತೆ. ಯಾರಿಂದ ಬಂತು ಅಂತ ಬೊಟ್ಟು ಮಾಡೋಕಾಗಲ್ಲ. ನೀವು ಬ್ಲೇಡಲ್ಲಿ ಕೆರೆದು ಪಕ್ಕಕ್ಕೂ ಬಿತ್ತಿದ್ದೀರಿ."

"ಗುಣ ಆಗುತ್ತಾ?" ಎಂದಳು ಹೆಂಡತಿ.

"ಬಹಳಷ್ಟು ಜನಕ್ಕೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತೆ. ನೋವಿದೆ ಅಂತೀರಲ್ಲ, ಬಿಸಿನೀರಲ್ಲಿ ನೆನೆಸಿ ದಿನಾ ಮುಲಾಮು ಹಚ್ಚಿ, ಮೇಲೆ ಪಟ್ಟಿ ಸುತ್ತಿ. ಮುಟ್ಟಿದ ಮೇಲೆ ಕೈ ತೊಳ್ಕೊಳ್ಳಿ. ಕೊಳದ ಸುತ್ತ ಚಪ್ಪಲಿ ಹಾಕ್ಕೊಳ್ಳಿ ಅಂತ ಎಷ್ಟೋ ವರ್ಷದಿಂದ ಬಡ್ಕೊಳ್ತಿದ್ದೀನಿ, ಒಬ್ರೂ ಕೇಳಲ್ಲ. ನೀವು ಬೋರ್ಡ್ ಬರೀತೀರಂತಲ್ಲ, ಅದನ್ನೊಂದು ಬರೆದು ಹಾಕಿ."

ಬೋರ್ಡು ಬರೆಯಿರಿ ಎಂದು ಬೋರ್ಡಣ್ಣನಿಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ. ಆದರೆ ಬಣ್ಣದ ಡಬ್ಬಿ ತೆರೆದ ಮೇಲೆ ಎರಡು ತೊಡಕು ಎದುರಾದವು.

ಮೊದಲನೆಯದು ಪದದ್ದು. ಆ ಗಂಟನ್ನು ಒಬ್ಬರು ನರೂಲಿ ಎನ್ನುತ್ತಾರೆ, ಒಬ್ಬರು ನರೋಲಿ, ಇನ್ನೊಬ್ಬರು ನರುಳ್ಳೆ. ಇವ್ಯಾವುವೂ ಬೋರ್ಡಿಗೆ ಏರುವ ಯೋಗ್ಯತೆಯ ಮಾತುಗಳಲ್ಲ ಎಂದು ಅವನು ನಿಘಂಟು ತೆಗೆದ. ಅಲ್ಲಿ 'ನರಹುಲಿ' ಎಂದು ಗಂಭೀರವಾಗಿ ಅಚ್ಚಾಗಿತ್ತು. ಅವನಿಗೆ ಸಮಾಧಾನವಾಯಿತು.

ಎರಡನೆಯದು ನರಹುಲಿ ಯಾರದೆಂಬುದು. ಕೊಳದ ನೈರ್ಮಲ್ಯ ನೋಡಿಕೊಳ್ಳಬೇಕಾದವನ ಕಾಲಿನಲ್ಲೇ ಅದಿದೆ ಎಂದು ಸಾಹೇಬರಿಗೆ ಗೊತ್ತಾದರೆ ಷಡ್ಡಕನ ತಮ್ಮ ಅವತ್ತೇ ಕುರ್ಚಿಯ ಧೂಳು ಒರೆಸುತ್ತಾನೆ. ಬೋರ್ಡಣ್ಣ ಯೋಚಿಸಿ 'ಕಂಡುಬಂದಿದೆ' ಎಂದು ಬರೆಯಲು ನಿರ್ಧರಿಸಿದ. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ಕಂಡವರು ಯಾರು, ಕಂಡದ್ದು ಯಾರಲ್ಲಿ, ಎರಡನ್ನೂ ಅದು ಮಡಚಿ ಜೇಬಿಗಿಟ್ಟುಕೊಳ್ಳುತ್ತದೆ.

ಮೂರನೆಯ ತೊಡಕೊಂದಿತ್ತು, ಅದು ಅವನ ಗಮನಕ್ಕೆ ಬರಲಿಲ್ಲ. ಹಲಗೆ ಕಿರಿದಾಗಿತ್ತು. ಎರಡನೆಯ ಸಾಲು 'ನರ' ಎಂಬಲ್ಲಿಗೆ ಮುಗಿದುಹೋಯಿತು. 'ಹುಲಿ' ಕೆಳಗಿನ ಸಾಲಿಗೆ ಇಳಿಯಿತು. ಅಲ್ಲಿ ಜಾಗ ಧಾರಾಳವಾಗಿದ್ದುದರಿಂದ ಅದನ್ನವನು ಕೆಂಪು ಬಣ್ಣದಲ್ಲಿ ಕೈತುಂಬ ಬರೆದ. ಉಳಿದ ಸಾಲುಗಳನ್ನು ಕೆಳಗೆ ಸಣ್ಣಕ್ಷರದಲ್ಲಿ ತುಂಬಿದ.

ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ನಿಂತ ಬೋರ್ಡು ಹೀಗಿತ್ತು:

ಎಚ್ಚರಿಕೆ!
ಈ ಆವರಣದಲ್ಲಿ ನರ
ಹುಲಿ ಕಂಡುಬಂದಿದೆ.
ಬರಿಗಾಲಲ್ಲಿ ಅಡ್ಡಾಡಬೇಡಿ.
ಕೆಣಕಬೇಡಿ. ಕೆಣಕಿದರೆ ಒಂದು ಹತ್ತಾಗುತ್ತದೆ.
ಮಕ್ಕಳ ಬಗ್ಗೆ ವಿಶೇಷ ನಿಗಾ ಇರಲಿ.
ಗಾಬರಿ ಬೇಡ. ತಾನಾಗಿಯೇ ಹೋಗುತ್ತದೆ.

ಬೋರ್ಡು ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ತಲೆದೂಗಿ, ಬೋರ್ಡಣ್ಣ ಕೊಳದ ಹಿಂದಿನ ಪಂಪಿನ ಮನೆಗೆ ಇಳಿದ. ನಾಳೆಯ ತಪಾಸಣೆಗೆ ಫಿಲ್ಟರು ತೊಳೆಯುವುದಿತ್ತು. ಪಂಪು ಶುರುವಾದರೆ ಅಲ್ಲಿ ಫೋನಿನ ಗಂಟೆಯ ಹೊರತು ಹೊರಗಿನ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಗೇಟಿನ ಬಳಿ ನಡೆದದ್ದೆಲ್ಲ ಅವನಿಗೆ ತಿಳಿದದ್ದು ಆಮೇಲೆ, ಹೆಂಡತಿಯ ಬಾಯಿಂದ, ಬೈಗುಳದ ಜೊತೆಗೆ.

ಮೊದಲು ಬೋರ್ಡಿನ ಮುಂದೆ ನಿಂತವಳು ಎದುರಿನ ಬೇಕರಿಯ ಅಕ್ಕ. ಅವಳ ಹಿಂದೆ ಬ್ರೆಡ್ಡಿಗೆ ಬಂದಿದ್ದ ನಿವೃತ್ತ ಮೇಷ್ಟ್ರು. ಇವರು ಶಾಲೆಯಲ್ಲಿ ಜೀವಮಾನವೆಲ್ಲ ವ್ಯಾಕರಣ ಕಲಿಸಿದವರು.

"ಮೇಷ್ಟ್ರೇ, ಹುಲಿ ಅಂತಿದೆಯಲ್ಲ?"

"ಬರೀ ಹುಲಿ ಅಲ್ಲಮ್ಮ. ನರ ಹುಲಿ. ನರ ಅಂದ್ರೆ ಮನುಷ್ಯ. ನರಭಕ್ಷಕ ಹುಲಿ. ಮಧ್ಯದ ಪದ ಲೋಪ ಆಗಿದೆ."

"ಲೋಪ ಆಗಿ ಎಲ್ಲಿಗೆ ಹೋಯ್ತು?"

"ಹಲಗೇಲಿ ಜಾಗ ಸಾಲ್ದೆ ಬಿಟ್ಟಿದ್ದಾನೆ. ಅರ್ಥಕ್ಕೇನೂ ಕೊರತೆ ಇಲ್ಲ."

"ಬರಿಗಾಲಲ್ಲಿ ಅಡ್ಡಾಡಬಾರದು ಯಾಕಂತೆ?"

"ಓಡೋದು ಬಂದ್ರೆ ಕಲ್ಲು ಚುಚ್ಚುತ್ತಲ್ಲ."

"ಒಂದು ಹತ್ತಾಗುತ್ತೆ ಅಂದ್ರೆ?"

"ಮರಿ ಹಾಕುತ್ತೆ. ಹೆಣ್ಣು ಹುಲಿ ಇರಬೇಕು."

"ಅಯ್ಯೋ! ಮತ್ತೆ ಗಾಬರಿ ಬೇಡ, ತಾನಾಗಿಯೇ ಹೋಗುತ್ತೆ ಅಂತ ಬರೆದಿದ್ದಾನಲ್ಲ?"

ಮೇಷ್ಟ್ರು ನಿಟ್ಟುಸಿರುಬಿಟ್ಟರು. "ಪುರಸಭೆಯೋರಲ್ವೇನಮ್ಮ. ಅವ್ರು ಏನು ಬಂದ್ರೂ ಹಾಗೇ ಬರಿಯೋದು."

ಬೇಕರಿಯ ಬಾಗಿಲು ಮುಚ್ಚಿತು. ಮೇಷ್ಟ್ರು ಮಾತ್ರ ವಿಷಯವನ್ನು ಮೂಲದಲ್ಲೇ ಖಚಿತಪಡಿಸಿಕೊಳ್ಳುವ ಜಾತಿಯವರು. ಮನೆಗೆ ಹೋಗಿ, ಚಿಲಕ ಹಾಕಿ, ಪಂಪಿನ ಮನೆಗೆ ಫೋನು ಮಾಡಿದರು.

"ಏನಪ್ಪಾ ಬೋರ್ಡಣ್ಣ, ನೀನು ಬರೆದಿರೋದು ನಿಜಾನಾ?"

"ಸುಳ್ಳು ಬರೆಯೋ ಕೈಯಲ್ಲ ಮೇಷ್ಟ್ರೇ ಇದು."

"ಎಲ್ಲಿಂದ ಬಂತದು?"

"ಅದನ್ನ ಯಾರೂ ಹೇಳಕ್ಕಾಗಲ್ಲ. ಒಳಗೆ ಸೇರ್ಕೊಂಡು ತಿಂಗಳುಗಟ್ಟಲೆ ಸುಳಿವೇ ಕೊಡಲ್ಲ. ಒದ್ದೆ ಜಾಗ ಅಂದ್ರೆ ಅದಕ್ಕೆ ಬಹಳ ಇಷ್ಟ."

"ಇರೋದು ಒಂದೇ ತಾನೇ?"

"ಮೊದ್ಲು ಒಂದಿತ್ತು. ನಿನ್ನೆಗೆ ಮೂರು."

ಆ ಕಡೆ ಫೋನು ಬಿದ್ದ ಸದ್ದು ಕೇಳಿತು. ಒಬ್ಬರಾದರೂ ಬೋರ್ಡನ್ನು ಪೂರ್ತಿ ಓದಿದರಲ್ಲ ಎಂದು ಬೋರ್ಡಣ್ಣ ಖುಷಿಯಿಂದ ಫಿಲ್ಟರಿನ ಕಡೆ ತಿರುಗಿದ.

ಮುಂದಿನದು ಬೇಗ ಬೇಗ ನಡೆಯಿತು. ಬೀದಿಯ ಅಂಗಡಿಗಳೆಲ್ಲ ಮುಚ್ಚಿದವು. ಜನ ಮಾಳಿಗೆ ಹತ್ತಿದರು. ಹತ್ತಿದವರೆಲ್ಲರ ಕಾಲಲ್ಲಿ ಚಪ್ಪಲಿಯೋ ಬೂಟೋ ಇತ್ತು, ಏಕೆಂದರೆ ಬೋರ್ಡಿನಲ್ಲಿ ಹಾಗೆ ಹೇಳಿತ್ತು. ಬೇಕರಿಯ ಅಕ್ಕ ಹಾಸಿಗೆ ಹಿಡಿದಿದ್ದ ಅತ್ತೆಗೂ ಗಂಡನ ಬೂಟು ತೊಡಿಸಿ ಮಾಳಿಗೆಗೆ ಹೊರಿಸಿದಳು. ಮೇಷ್ಟ್ರು ಪುರಸಭೆಗೆ ಫೋನು ಮಾಡಿ 'ಮೂರು' ಎಂಬ ಸಂಖ್ಯೆಯನ್ನು ಒತ್ತಿ ಹೇಳಿದರು. ಸಾಹೇಬರು ಮೇಲಿನ ಕಚೇರಿಗೆ ಫೋನು ಮಾಡಿ, ಕೊಳದಲ್ಲಿ ಹುಲಿಗಳು ಬಂದಿವೆ, ನಾನೇ ಖುದ್ದಾಗಿ ಸ್ಥಳಕ್ಕೆ ಧಾವಿಸುತ್ತಿದ್ದೇನೆ ಎಂದು ವರದಿ ಒಪ್ಪಿಸಿದರು. ಆಮೇಲೆ ಧಾವಿಸುವುದನ್ನು ಸ್ವಲ್ಪ ಮುಂದೂಡಿ, ಮೃಗಾಲಯದ ಡಾಕ್ಟರನ್ನು ಕರೆದರು. ಆ ಡಾಕ್ಟರು ಅನುಭವಸ್ಥರು. ಹೊರಡುವ ಮುಂಚೆ ಹುಲಿ ಕಂಡವನನ್ನು ಎರಡು ಪ್ರಶ್ನೆ ಕೇಳೋಣವೆಂದು ಪಂಪಿನ ಮನೆಗೆ ಫೋನು ಹಚ್ಚಿದರು.

"ನಮಸ್ಕಾರ. ನಾನು ಡಾಕ್ಟರ್ ಮಾತಾಡ್ತಿರೋದು. ನರಹುಲಿ ವಿಷಯ."

ಚರ್ಮದಾಸ್ಪತ್ರೆಯವರು ಫೋನು ಮಾಡಿಸಿ ವಿಚಾರಿಸುತ್ತಿದ್ದಾರಲ್ಲ ಎಂದು ಬೋರ್ಡಣ್ಣನ ಎದೆ ತುಂಬಿ ಬಂತು. ಡಾಕ್ಟರ ಹತ್ತಿರ ಮುಚ್ಚಿಡಬಾರದು ಎಂಬುದು ಅವನಿಗೆ ಗೊತ್ತಿತ್ತು.

"ಹೇಳಿ ಡಾಕ್ಟ್ರೇ."

"ಈಗ ಎಲ್ಲಿದೆ ಅದು?"

"ಇಲ್ಲೇ, ನನ್ನ ಜೊತೆಗೇ ಇದೆ. ಕಾಲ ಕೆಳಗೆ."

ಡಾಕ್ಟರ ದನಿ ಪಿಸುಮಾತಿಗೆ ಇಳಿಯಿತು. "ಅಲ್ಲಾಡ್ಬೇಡಿ. ಎಷ್ಟು ದಿನದಿಂದ ಇದೆ?"

"ಎಂಟು ತಿಂಗಳಾಗಿರಬೇಕು. ಮೊದ್ಲು ನಾನು ಅದನ್ನ ಆಣಿ ಅಂದ್ಕೊಂಡಿದ್ದೆ."

ಪಂಪು ಗುರುಗುಟ್ಟುತ್ತಿತ್ತು. "ಏನು, ಆನೆ ಅಂದ್ಕೊಂಡಿದ್ರಾ?"

"ಹೌದು ಡಾಕ್ಟ್ರೇ. ಬಹಳ ಜನ ಹಾಗೇ ಮೋಸ ಹೋಗ್ತಾರಂತೆ. ನೋಡೋಕೆ ಎರಡೂ ಒಂದೇ ಥರ ಅಲ್ವಾ?"

ಡಾಕ್ಟರು ಆನೆಯ ವಿಷಯವನ್ನು ಅಲ್ಲಿಗೇ ಬಿಟ್ಟರು. "ಆಮೇಲೆ?"

"ಆಮೇಲೇನು, ದಿನಾ ಒಂಚೂರು ಬ್ಲೇಡಲ್ಲಿ ಕೆರೀತಿದ್ದೆ. ಒಂದಿನ ರಕ್ತ ಬಂತು, ಬಿಟ್ಟೆ."

"ಕೆರೆದಾಗ ಅದು ಸುಮ್ಮನಿತ್ತಾ?"

"ಅದಕ್ಕೇನಾಗ್ಬೇಕು, ನೋವೆಲ್ಲ ನನಗೆ. ನಿನ್ನೆ ನನ್ನ ಹೆಂಡ್ತಿ ಬಿಸಿನೀರಲ್ಲಿ ನೆನೆಸಿ, ಮುಲಾಮು ಹಚ್ಚಿ, ಪಟ್ಟಿ ಸುತ್ತಿದ್ಲು."

"ನಿಮ್ಮ ಹೆಂಡ್ತಿ? ಒಬ್ರೇ?"

"ಅವಳು ಗಟ್ಟಿಗಿತ್ತಿ ಡಾಕ್ಟ್ರೇ. ಮುಟ್ಟಿದ ಮೇಲೆ ಕೈ ತೊಳ್ಕೊಳ್ತಾಳೆ, ಅಷ್ಟೇ."

"ರಾತ್ರಿ ಎಲ್ಲಿ ಮಲಗುತ್ತೆ?"

ಇದೆಂಥ ಪ್ರಶ್ನೆ ಎನಿಸಿತು ಬೋರ್ಡಣ್ಣನಿಗೆ. ದೊಡ್ಡ ಡಾಕ್ಟರು, ಏನೋ ಕಾರಣವಿರಬೇಕು. "ನನ್ನ ಜೊತೆಗೇ. ಬಿಟ್ಟು ಎಲ್ಲಿಗೆ ಹೋಗುತ್ತೆ? ಹೆಂಡ್ತಿ ಮಾತ್ರ ನಡುವೆ ಒಂದು ದಿಂಬು ಇಟ್ಕೊಂಡಿದ್ದಾಳೆ."

ಡಾಕ್ಟರು ಫೋನಿಟ್ಟು ಸಾಹೇಬರಿಗೆ ಹೇಳಿದರು: "ಸಾರ್, ಹುಲಿ ವಿಷಯದಲ್ಲಿ ಯೋಚನೆ ಬೇಡ. ಅಂಥ ಸಾಧು ಪ್ರಾಣೀನ ನಾನು ನೋಡೇ ಇಲ್ಲ. ನನಗೆ ಭಯ ಇರೋದು ಆ ಮನುಷ್ಯನ ಬಗ್ಗೆ."

ಫಿಲ್ಟರು ತೊಳೆದು, ಪಂಪು ನಿಲ್ಲಿಸಿ, ಒದ್ದೆ ಕೈ ಒರೆಸುತ್ತ ಬೋರ್ಡಣ್ಣ ಗೇಟಿನ ಬಳಿ ಬಂದಾಗ ಬೀದಿ ಗುರುತೇ ಸಿಗಲಿಲ್ಲ. ಮಾಳಿಗೆಗಳ ಮೇಲೆ ಜನವೋ ಜನ. ಗೇಟಿಗೆ ಎದುರಾಗಿ ಮೃಗಾಲಯದ ಲಾರಿ, ಅದರ ಮೇಲೆ ಕಬ್ಬಿಣದ ಬೋನು. ಬೋನಿನ ಒಳಗೆ, ಕೈಯಲ್ಲಿ ಧ್ವನಿವರ್ಧಕ ಹಿಡಿದು, ಪುರಸಭೆಯ ಸಾಹೇಬರು. ಇಡೀ ಬೀದಿಯಲ್ಲಿ ಹುಲಿ ನುಗ್ಗಲಾರದ ಜಾಗ ಅದೊಂದೇ ಎಂದು ಲೆಕ್ಕ ಹಾಕಿ ಅವರು ಅದರೊಳಗೆ ಹೋಗಿ ಬಾಗಿಲು ಎಳೆದುಕೊಂಡಿದ್ದರು. ಆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುವಂಥದ್ದು ಎಂಬುದು ಅವರಿಗಿನ್ನೂ ಗೊತ್ತಾಗಿರಲಿಲ್ಲ.

ಕುಂಟುತ್ತ ಬಂದ ಬೋರ್ಡಣ್ಣನನ್ನು ಕಂಡು ಮಾಳಿಗೆಗಳು ಒಟ್ಟಿಗೆ ಕಿರುಚಿದವು. "ಕಾಲು ಕಚ್ಚಿದೆ! ಕಾಲು ಕಚ್ಚಿದೆ!"

"ಏನ್ರೀ!" ಎಂದಿತು ಧ್ವನಿವರ್ಧಕ. "ಎಲ್ಲಿದೆ ಅದು?"

ಬೋರ್ಡಣ್ಣ ಲಾರಿ ನೋಡಿದ, ಬೋನು ನೋಡಿದ, ಅರಿವಳಿಕೆಯ ಸೂಜಿ ತುಂಬಿದ ಬಂದೂಕು ಹಿಡಿದು ನಿಂತ ಡಾಕ್ಟರನ್ನು ನೋಡಿದ. ತನ್ನ ಕಾಲಿನ ಸುದ್ದಿ ಮೇಲಿನವರಿಗೆ ಮುಟ್ಟಿದೆ, ಕ್ರಮ ಕೈಗೊಳ್ಳಲು ಬಂದಿದ್ದಾರೆ ಎಂದುಕೊಂಡ. ಕ್ರಮ ಸ್ವಲ್ಪ ಅತಿಯಾಯಿತು ಎನಿಸಿತು. ಆದರೂ ಕೈಮುಗಿದ.

"ತಪ್ಪಾಯ್ತು ಸಾರ್. ಇದು ಇಷ್ಟು ದೂರ ಹೋಗುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ಎಷ್ಟು ದೂರ ಹೋಗಿದೆ?" ಎಂದು ಸಾಹೇಬರು ಬೋನಿನ ಹಿಂದಿನ ಮೂಲೆಗೆ ಸರಿದರು. ಮಾಳಿಗೆಯ ಮೇಲೆ ಬೇಕರಿಯ ಅತ್ತೆ, ಹಾಸಿಗೆ ಹಿಡಿದಿದ್ದವಳು, ಬೂಟುಗಾಲಲ್ಲಿ ಎದ್ದು ನಿಂತಳು.

"ಸಾರ್, ನಾಳೆ ತಪಾಸಣೆ ಆಗೋವರೆಗಾದ್ರೂ ಮುಚ್ಚಿಡೋಣ ಅಂತಿದ್ದೆ."

"ಹುಲೀನ ಮುಚ್ಚಿಡ್ತೀಯೇನಯ್ಯಾ? ತೋರ್ಸು ಮೊದ್ಲು!"

ಕಾಯಂ ಕೆಲಸ ಕಣ್ಣೆದುರೇ ಕರಗುತ್ತಿರುವುದು ಬೋರ್ಡಣ್ಣನಿಗೆ ಕಾಣಿಸಿತು. ಬಂದೂಕು ಅದಕ್ಕಿಂತ ಹತ್ತಿರ ಕಾಣಿಸಿತು. ಗೇಟಿನ ಮೆಟ್ಟಿಲ ಮೇಲೆ ಕೂತ, ಚಪ್ಪಲಿ ಬಿಚ್ಚಿದ, ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಡಿಸಿದ, ಅಂಗಾಲನ್ನು ಊರಿಗೆ ಎತ್ತಿ ತೋರಿಸಿದ.

ಮೃಗಾಲಯದ ಡಾಕ್ಟರು ಬಂದೂಕು ಮುಂದೆ ಮಾಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಬಂದರು. ಬಗ್ಗಿದರು. ಕನ್ನಡಕ ಸರಿಮಾಡಿಕೊಂಡರು.

"ಸಾರ್," ಎಂದರು ಬೋನಿನ ಕಡೆ ತಿರುಗಿ, "ಇದು ನರೂಲಿ."

"ನರೂಲಿನಾ!" ಎಂದಿತು ಒಂದು ಮಾಳಿಗೆ. "ನರೂಲಿಯಂತೆ!" ಎಂದಿತು ಇನ್ನೊಂದು. ಬೀದಿಯ ಈ ತುದಿಯಿಂದ ಆ ತುದಿಗೆ ಚಪ್ಪಲಿಗಳು ಕಾಲಿನಿಂದ ಕಳಚಿ ಬಿದ್ದ ಸದ್ದಾಯಿತು.

ಅಷ್ಟರಲ್ಲಿ ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡು ಹೆಂಡತಿ ಓಡಿ ಬಂದಳು. ಬೋರ್ಡು ಓದಿದಳು. ಗಂಡನನ್ನು ನೋಡಿದಳು. "ರೀ, ನರೂಲಿ ಅಂತ ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನರೂಲಿ ಆಡುಮಾತು ಕಣೇ. ನರಹುಲಿ ಅನ್ನೋದೇ ಸರಿಯಾದ ರೂಪ."

ಮೇಷ್ಟ್ರು ಮಾಳಿಗೆಯಿಂದ ಬಗ್ಗಿ, ಮನಸ್ಸಿಲ್ಲದ ಮನಸ್ಸಿನಿಂದ, "ರೂಪವೇನೋ ಸರಿಯಾಗಿದೆ" ಎಂದರು.

"ಸರಿಯಾಗಿರೋದು ಅದೊಂದೇ" ಎಂದಳು ಹೆಂಡತಿ.

ಸಾಹೇಬರ ಮುಖ ಬೋರ್ಡಿನ ಹುಲಿಯಷ್ಟೇ ಕೆಂಪಾಗಿತ್ತು. "ನಾಳೆಯಿಂದ ನೀನು ಈ ಕೊಳದ ಹತ್ರ ಸುಳಿದ್ರೆ ನೋಡು! ನನ್ನ ಮರ್ಯಾದೆ..." ಎನ್ನುತ್ತ ಬಾಗಿಲು ನೂಕಿದರು. ಬಾಗಿಲು ಅಲುಗಲಿಲ್ಲ. ಇನ್ನೊಮ್ಮೆ ನೂಕಿದರು. ಹೊರಗಿನ ಚಿಲಕ ತೆಗೆಯಲು ಲಾರಿಯ ಡ್ರೈವರು ಬೇಕಿತ್ತು, ಅವನು ಎಲ್ಲರಿಗಿಂತ ಎತ್ತರದ ಮಾಳಿಗೆಯಲ್ಲಿದ್ದ. ಆ ಹೊತ್ತಿಗೆ ಸರಿಯಾಗಿ ಸಾಹೇಬರ ಜೇಬಿನಲ್ಲಿ ಫೋನು ರಿಂಗಣಿಸಿತು. ಮೇಲಿನ ಕಚೇರಿ.

ಇಡೀ ಬೀದಿ ಮಾಳಿಗೆಗಳಿಂದ ಮುಂದಕ್ಕೆ ಬಗ್ಗಿತು. ಹುಲಿಗಳು ಬಂದಿವೆ ಎಂದು ಬೆಳಿಗ್ಗೆ ವರದಿ ಮಾಡಿದ ಮನುಷ್ಯ, ಮಧ್ಯಾಹ್ನ ಬೋನಿನೊಳಗೆ ನಿಂತು, ಅವು ಒಬ್ಬನ ಅಂಗಾಲಿನಲ್ಲಿವೆ ಎಂದು ಹೇಗೆ ಹೇಳಬೇಕು? ಸಾಹೇಬರು ಕಂಬಿಗಳ ನಡುವಿನಿಂದ ಬೋರ್ಡನ್ನು ಮೊದಲ ಬಾರಿಗೆ ಗಮನವಿಟ್ಟು ಓದಿದರು. ಅವರ ಮುಖದ ಬಣ್ಣ ನಿಧಾನವಾಗಿ ತಿಳಿಯಾಯಿತು.

"ಸಾರ್, ನರಹುಲಿ ಪತ್ತೆಯಾಗಿದೆ. ಹೌದು ಸಾರ್, ಮೂರು. ಪೂರ್ತಿ ನಿಯಂತ್ರಣದಲ್ಲಿವೆ. ಯಾರಿಗೂ ಅಪಾಯ ಆಗಿಲ್ಲ. ಇಲ್ಲ ಸಾರ್, ಸೆರೆ ಹಿಡಿಯೋ ಅಂಥದ್ದಲ್ಲ, ಕೆಣಕಬಾರದು ಅಂತ ಡಾಕ್ಟರ ಅಭಿಪ್ರಾಯ. ಇಲ್ಲಿನ ಮೇಲ್ವಿಚಾರಕ ಎಂಟು ತಿಂಗಳಿಂದ ಒಬ್ಬನೇ ಅವುಗಳ ಜೊತೆ ಹೆಣಗಾಡ್ತಿದ್ದ. ಕಾಲಿಗೆ ಸ್ವಲ್ಪ ತೊಂದರೆ ಆಗಿದೆ. ಇಲ್ಲ ಸಾರ್, ಕಾಯಂ ಅಲ್ಲ, ಹಂಗಾಮಿ."

ಇದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಫೋನಿನಿಂದ ಆ ಕಡೆಯ ದನಿ ಮಾಳಿಗೆಗಳಿಗೂ ಕೇಳಿಸಿತು. "ಅಂಥವನು ಹಂಗಾಮಿನಾ? ನಾಚಿಕೆ ಆಗಲ್ವೇನ್ರೀ ನಿಮಗೆ?"

ಬೋರ್ಡಣ್ಣನ ಕೆಲಸ ಕಾಯಂ ಆಯಿತು. ಹುದ್ದೆಯ ಹೆಸರೂ ಉದ್ದವಾಯಿತು: ಈಜುಕೊಳ ಮೇಲ್ವಿಚಾರಕ ಮತ್ತು ನರಹುಲಿ ನಿಗಾ. ಚರ್ಮದ ಡಾಕ್ಟರಮ್ಮ ಒಂದು ದಿನ ಕೊಳದ ಬಳಿ ಬಂದು ಬೋರ್ಡನ್ನು ನೋಡಿ ಬಹಳ ಹೊತ್ತು ನಕ್ಕರು. ಹೊಸ ಬೋರ್ಡು ಬರೆಯುತ್ತೇನೆ, ಎರಡೂ ಪದ ಒಂದೇ ಸಾಲಿನಲ್ಲಿ ಬರುವಂತೆ ಎಂದು ಬೋರ್ಡಣ್ಣ ಹೇಳಿದ. "ಮುಟ್ಟಬೇಡಿ ಅದನ್ನ" ಎಂದರು ಅವರು. "ವೈರಸ್ ಅಂದಾಗ ಒಬ್ರೂ ಚಪ್ಪಲಿ ಹಾಕ್ಕೊಳ್ಲಿಲ್ಲ. ಈಗ ಹೊಸಬರೆಲ್ಲ ಅದನ್ನ ಓದಿ ಹಾಕ್ಕೊಳ್ತಿದ್ದಾರೆ."

ವರ್ಷ ಕಳೆದ ಮೇಲೆ ಒಂದು ಸಂಜೆ ಹೆಂಡತಿ ಅವನ ಅಂಗಾಲನ್ನು ದೀಪಕ್ಕೆ ಹಿಡಿದು, ಹೆಬ್ಬೆರಳಿನಿಂದ ಸವರಿ, "ಏನೂ ಇಲ್ಲ ಕಣ್ರೀ. ನುಣ್ಣಗಿದೆ" ಎಂದಳು. ಬೋರ್ಡಿನಲ್ಲಿ ಬರೆದಂತೆಯೇ ಅದು ತಾನಾಗಿಯೇ ಹೋಗಿತ್ತು. ದಿಂಬು ನಡುವಿನಿಂದ ಎದ್ದು ಅದರ ಜಾಗಕ್ಕೆ ಹೋಯಿತು. ಬೋರ್ಡಣ್ಣ ಕೋಣೆಯಲ್ಲಿ ಬರಿಗಾಲಲ್ಲಿ ಎರಡು ಸುತ್ತು ಕುಣಿದ. ಮೂರನೆಯ ಸುತ್ತಿನಲ್ಲಿ ಅವನ ಕಾಲು ನಿಂತುಹೋಯಿತು. ನರಹುಲಿಯೇ ಇಲ್ಲದ ಮೇಲೆ ನರಹುಲಿ ನಿಗಾ ಹುದ್ದೆ ಏನಾಗಬೇಕು?

ಮರುದಿನ ಸಾಹೇಬರ ಕೋಣೆಗೆ ಹೋಗಿ ಕಿವಿಯಲ್ಲಿ ಉಸುರಿದ. ಸಾಹೇಬರು ಎದ್ದು ಬಾಗಿಲು ಹಾಕಿದರು.

"ಮೂರೂ ಹೋದ್ವಾ?"

"ಮೂರೂ ಸಾರ್."

"ಒಂದನ್ನಾದ್ರೂ ಇಟ್ಕೋಬಾರ್ದಾಗಿತ್ತೇನ್ರೀ?"

ಅಂದಿನಿಂದ, ನರಹುಲಿ ಇದೆ ಎಂಬುದನ್ನು ಮುಚ್ಚಿಟ್ಟಿದ್ದ ಮನುಷ್ಯ ಅದು ಇಲ್ಲ ಎಂಬುದನ್ನು ಮುಚ್ಚಿಡಬೇಕಾಯಿತು. ಮೇಲಿನ ಕಚೇರಿಯ ಅಧಿಕಾರಿ ತಪಾಸಣೆಗೆ ಬರುವ ದಿನ ಅವನು ಕಾಲಿಗೆ ಪಟ್ಟಿ ಸುತ್ತಿ, ಕುಂಟುತ್ತ ಗೇಟಿಗೆ ಬರುತ್ತಾನೆ. ಆ ಅಧಿಕಾರಿ ಕಾರಿನಿಂದ ಇಳಿಯುವವರಲ್ಲ. ಕಿಟಕಿಯ ಗಾಜನ್ನು ಬೆರಳಗಲ ಇಳಿಸಿ, "ಇದೆಯೇನ್ರೀ ಇನ್ನೂ?" ಎನ್ನುತ್ತಾರೆ. ಸಾಹೇಬರು ಪಕ್ಕದಲ್ಲಿ ನಿಂತು, "ಇದೆ ಸಾರ್, ನಿಗಾದಲ್ಲಿದೆ" ಎನ್ನುತ್ತಾರೆ.

ಹೋದ ಸಲ ಅವಸರದಲ್ಲಿ ಬೋರ್ಡಣ್ಣ ಪಟ್ಟಿಯನ್ನು ಎಡಗಾಲಿಗೆ ಸುತ್ತಿಕೊಂಡು ಬಂದುಬಿಟ್ಟ. ಅಧಿಕಾರಿ ಗಾಜಿನ ಸಂದಿಯಿಂದ ಬಹಳ ಹೊತ್ತು ಅದನ್ನೇ ನೋಡಿದರು.

"ಅಲ್ರೀ, ಮೊದ್ಲು ಬಲಗಾಲಲ್ವಾ?"

ಬೋರ್ಡಣ್ಣ ಎಡಗಾಲನ್ನು ಬಲಗಾಲ ಹಿಂದಕ್ಕೆ ಎಳೆದುಕೊಂಡ. ಸಾಹೇಬರು ಕಣ್ಣು ಮಿಟುಕಿಸಲಿಲ್ಲ.

"ಹೌದು ಸಾರ್," ಎಂದರು. "ಹರಡ್ತಾ ಇದೆ."

ಕಾರಿನ ಗಾಜು ಸರ್ರನೆ ಮೇಲೇರಿತು.